ತೋಟದಿಂದ ತೋಟಕ್ಕೆ ಮದ್ದು ದಾಟಿಸಿದ ಕೋಲ್ಮನ್ನರು

ಮೇ ತಿಂಗಳು ಮುಗಿಯುತ್ತ ಬಂತೆಂದರೆ ನಮ್ಮ ಸೀಮೆಯ ಅಡಿಕೆ ಮನೆಗಳಲ್ಲಿ ಮೈಲುತುತ್ತು, ಸುಣ್ಣ, ಪಂಪು, ಮರ ಹತ್ತುವ ಆಳು ಇವಿಷ್ಟರದೇ ಮಾತು. ಕುಂಬಳೆಯಿಂದ ಬದಿಯಡ್ಕದವರೆಗೆ, ಪೆರ್ಲದಿಂದ ಮುಳ್ಳೇರಿಯದವರೆಗೆ ಈ ಮಾತು ಕೇಳದ ಮನೆ ಇರಲಾರದು. ಮದ್ದು ಬಿಡುವುದು ಎಂದು ಎರಡು ಶಬ್ದಗಳಲ್ಲಿ ಹೇಳಿ ಮುಗಿಸುವ ಈ ಕೆಲಸಕ್ಕೆ ಒಂದು ಶತಮಾನಕ್ಕೂ ಮೀರಿದ ಚರಿತ್ರೆಯಿದೆ. ಆ ಚರಿತ್ರೆಯ ಮೊದಲ ಪುಟದಲ್ಲಿ ಕಾಣುವವರು ಕೆನಡಾ ದೇಶದ ಒಬ್ಬ ವಿದ್ವಾಂಸರು, ಮೈಸೂರು ಸಂಸ್ಥಾನದ ಮೊದಲ ಕೃಷಿ ನಿರ್ದೇಶಕರಾಗಿದ್ದ ಡಾ. ಲೆಸ್ಲಿ ಚಾರ್ಲ್ಸ್ ಕೋಲ್ಮನ್. ಘಟ್ಟದ ಮೇಲಿನ ಅಡಿಕೆ ಸೀಮೆಯಲ್ಲಿ ಹಿರಿಯರು ಇವರ ಹೆಸರನ್ನು ಇಂದಿಗೂ ಗೌರವದಿಂದ ಹೇಳುತ್ತಾರೆ. ನಮ್ಮ ಕಡೆ ಮದ್ದು ಎಲ್ಲರಿಗೂ ಗೊತ್ತು, ಮದ್ದು ತೋರಿಸಿಕೊಟ್ಟವರ ಹೆಸರು ಗೊತ್ತಿದ್ದವರು ಕೆಲವರೇ.

ಈಗ ಅವರನ್ನು ನೆನೆಯುವುದಕ್ಕೆ ಕಾರಣವಿದೆ. ರೈತನು ರೈತನಿಂದಲೇ ಕಲಿಯಬೇಕು, ಮಣ್ಣು ಕೆಡದ ಬೇಸಾಯದ ತಿಳಿವಳಿಕೆ ಒಬ್ಬರಿಂದ ಒಬ್ಬರಿಗೆ ಹರಡಬೇಕು ಎಂಬ ಮಾತು ಕೆಲವು ದಶಕಗಳಿಂದ ಎಲ್ಲೆಡೆ ಕೇಳಿಬರುತ್ತಿದೆ. ತಮಿಳುನಾಡಿನ ಹೊಸೂರು, ಕೃಷ್ಣಗಿರಿ, ಧರ್ಮಪುರಿ ಕಡೆಯ ಮಳೆಯಾಶ್ರಿತ ಊರುಗಳ ಬಗ್ಗೆ ಮಾತಾಡುವಾಗಲಂತೂ ಇದು ಮುಖ್ಯ ವಿಷಯ. ಹೊಸ ಕಾಲದ ಹೊಸ ವಿಚಾರವೆಂದು ಅನೇಕರು ತಿಳಿದಿದ್ದಾರೆ. ಆದರೆ ಹೊಸೂರಿನಿಂದ ಸುಮಾರು 40 ಕಿಲೋಮೀಟರು ದೂರದ ಬೆಂಗಳೂರಿನಲ್ಲಿ ಕುಳಿತು, ಈ ವಿಚಾರಕ್ಕೆ ಒಂದು ಸಂಘದ ರೂಪವನ್ನೇ ಕೊಟ್ಟ ಮಹನೀಯರು ನೂರು ವರ್ಷಗಳ ಹಿಂದೆ ಇದ್ದರು. ಅವರೇ ಕೋಲ್ಮನ್ನರು.

ಅವರು ಹುಟ್ಟಿದ್ದು 1878ರ ಜೂನ್ 16ರಂದು, ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲಿ. ಟೊರಾಂಟೊ ವಿಶ್ವವಿದ್ಯಾನಿಲಯದಲ್ಲಿ ಓದು ಮುಗಿಸಿ, ಜರ್ಮನಿಯ ಗಟ್ಟಿಂಗೆನ್ನಿಗೆ ಹೋಗಿ ಡಾಕ್ಟರೇಟ್ ಪಡೆದರು. ಅಲ್ಲಿ ಅವರು ಅಭ್ಯಾಸ ಮಾಡಿದ್ದು ಅಡಿಕೆಯನ್ನಲ್ಲ, ಮಣ್ಣಿನೊಳಗಿನ ಸೂಕ್ಷ್ಮಜೀವಿಗಳನ್ನು. ಗೊಬ್ಬರದ ಸಾರಜನಕವನ್ನು ಗಿಡ ಹೀರಿಕೊಳ್ಳುವ ರೂಪಕ್ಕೆ ತರುವ ಕೆಲಸ ಮಣ್ಣಿನಲ್ಲಿ ಹೇಗೆ ನಡೆಯುತ್ತದೆ ಎಂಬ ಅವರ ಸಂಶೋಧನೆ 1908ರಲ್ಲಿ ಜರ್ಮನ್ ಭಾಷೆಯಲ್ಲಿ ಅಚ್ಚಾಯಿತು. ಅದೇ ವರ್ಷ ಅವರು ಮೈಸೂರು ಸರಕಾರದ ಕೆಲಸಕ್ಕೆ ಬಂದರು. ಶಿಲೀಂಧ್ರ ಮತ್ತು ಕೀಟ ಎರಡನ್ನೂ ನೋಡಿಕೊಳ್ಳುವ ಹುದ್ದೆ. ಅವರಿಗಿಂತ ಮೊದಲು ಹತ್ತು ವರ್ಷ ಮೈಸೂರಿನ ಕೃಷಿ ರಸಾಯನ ಶಾಸ್ತ್ರಜ್ಞರಾಗಿದ್ದ ಲೇಮನ್ನರೂ ಕೆನಡಾದಿಂದ ಬಂದವರೇ. ಬ್ರಿಟಿಷ್ ಇಂಡಿಯಾದ ಇಲಾಖೆಗಳಲ್ಲಿ ಇಂಗ್ಲೆಂಡಿನವರೇ ತುಂಬಿದ್ದ ಕಾಲದಲ್ಲಿ ಮೈಸೂರು ಹೀಗೆ ಬೇರೆ ಕಡೆಯಿಂದ ತಜ್ಞರನ್ನು ಕರೆಸಿಕೊಂಡಿತ್ತು ಎಂಬುದು ಗಮನಿಸಬೇಕಾದ ಸಂಗತಿ.

ಅವರು ಬಂದಾಗ ಮಲೆನಾಡಿನ ಅಡಿಕೆ ತೋಟಗಳ ಸ್ಥಿತಿ ಹೇಗಿತ್ತೆಂಬುದನ್ನು ನಮ್ಮ ಓದುಗರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಜೂನಿನಲ್ಲಿ ಮಳೆ ಹಿಡಿದು ನಾಲ್ಕೆಂಟು ದಿನ ಬಿಸಿಲು ಕಾಣದಿದ್ದರೆ, ಎಳೆಯ ಕಾಯಿಯ ತೊಟ್ಟಿನ ಹತ್ತಿರ ನೀರು ಕುಡಿದಂತಹ ಕಡುಹಸಿರು ಕಲೆ. ಮರುದಿನದಿಂದ ಕಾಯಿ ಉದುರಲು ಸುರು. ಬಿದ್ದ ಕಾಯಿಯ ಮೇಲೆ ಬಿಳಿ ಬೂಸಲು. ಒಂದು ಗೊನೆಯಿಂದ ಇನ್ನೊಂದಕ್ಕೆ, ಒಂದು ಮರದಿಂದ ಪಕ್ಕದ ಮರಕ್ಕೆ ಮಳೆಹನಿಯ ಸಿಡಿತದಲ್ಲೂ ಗಾಳಿಯಲ್ಲೂ ಹರಡುವ ರೋಗ. ರೋಗ ಸುಳಿಗೆ ಇಳಿದರೆ ಮರವೇ ಹೋಯಿತು. ಘಟ್ಟದ ಮೇಲೆ ಕೊಳೆರೋಗ ಎಂದು ಕರೆದುದನ್ನೇ ನಮ್ಮಲ್ಲಿ ಮಹಾಳಿ ಎಂದೂ ಹೇಳುತ್ತಾರೆ. ಅಡಿಕೆ ಒಂದನ್ನೇ ನಂಬಿದ ಮನೆಗೆ ಅದು ಒಂದು ವರ್ಷದ ಅನ್ನ, ಮಗಳ ಮದುವೆ, ಹುಡುಗನ ಓದು, ಸಾಲದ ಬಡ್ಡಿ ಎಲ್ಲವೂ ನೆಲಕ್ಕೆ ಬಿದ್ದಂತೆ.

ಬೆಳೆಗಾರರು ಸುಮ್ಮನೆ ಕುಳಿತಿದ್ದರೆಂದಲ್ಲ. ಅಡಿಕೆ ಹಾಳೆಯಿಂದಲೋ ಹುಲ್ಲಿನಿಂದಲೋ ಕೊಟ್ಟೆ ಮಾಡಿ, ಮಳೆಗೆ ಮೊದಲು ಪ್ರತಿ ಗೊನೆಗೂ ಕಟ್ಟುವ ಪದ್ಧತಿ ಮಲೆನಾಡಿನಲ್ಲಿ ತಲೆತಲಾಂತರದಿಂದ ಇತ್ತು. ನೀರು ತಾಗದಿದ್ದರೆ ರೋಗ ತಾಗದು ಎಂದು ಅವರು ಯಾವ ಸೂಕ್ಷ್ಮದರ್ಶಕದ ಸಹಾಯವೂ ಇಲ್ಲದೆ ತಿಳಿದುಕೊಂಡಿದ್ದರು, ಮತ್ತು ಅದು ಸರಿಯಾಗಿಯೇ ಇತ್ತು. ಆದರೆ ಕೊಟ್ಟೆ ಹೆಣೆಯಬೇಕು, ಪ್ರತಿ ಮರ ಹತ್ತಬೇಕು, ಗೊನೆ ಗೊನೆಗೂ ಕಟ್ಟಬೇಕು. ಆಳು ಬಲವಿದ್ದವರಿಗೆ ಮಾತ್ರ ಸಾಧ್ಯವಾದ ಕೆಲಸ.

ರೋಗಕ್ಕೆ ಕಾರಣವಾದ ಜೀವಿಯನ್ನು ಮೊದಲು ಗುರುತಿಸಿದವರು ಬಟ್ಲರ್ ಎಂಬ ಸಸ್ಯರೋಗ ತಜ್ಞರು, 1906ರ ಸುಮಾರಿಗೆ. ಅದು ಫೈಟಾಫ್ತೊರಾ ಕುಲಕ್ಕೆ ಸೇರಿದ್ದು. 1840ರ ದಶಕದಲ್ಲಿ ಅಯರ್ಲೆಂಡಿನ ಬಟಾಟೆ ಬೆಳೆಯನ್ನು ಕೊಳೆಸಿ ಲಕ್ಷಾಂತರ ಜನರನ್ನು ಹಸಿವಿನಿಂದ ಕೊಂದ ರೋಗವೂ, ನಮ್ಮ ಕಾಳುಮೆಣಸಿನ ಬಳ್ಳಿಯನ್ನು ಒಂದೇ ವಾರದಲ್ಲಿ ಸೊರಗಿಸುವ ರೋಗವೂ ಇದೇ ಕುಲದ್ದು. ಕೋಲ್ಮನ್ನರು ಈ ಜೀವಿಯ ಬದುಕನ್ನು ಮಲೆನಾಡಿನಲ್ಲಿ ಕೂಲಂಕಷವಾಗಿ ಅಭ್ಯಾಸ ಮಾಡಿ, ಅಡಿಕೆಯದು ಬೇರೆಯೇ ಬಗೆಯದೆಂದು ತೋರಿಸಿ, 1910ರಲ್ಲಿ ಕೊಳೆರೋಗವನ್ನು ಕುರಿತು ವಿಸ್ತಾರವಾದ ಪ್ರಬಂಧವನ್ನು ಪ್ರಕಟಿಸಿದರು.

ಇನ್ನು ಮದ್ದಿನ ವಿಷಯ. ಮೈಲುತುತ್ತು ಮತ್ತು ಸುಣ್ಣದ ಮಿಶ್ರಣವನ್ನು ಕೋಲ್ಮನ್ನರು ಕಂಡುಹಿಡಿದರೆಂದು ಕೆಲವರು ಹೇಳುವುದುಂಟು. ಅದು ಸರಿಯಲ್ಲ. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟದವರು, ದಾರಿಹೋಕರು ಹಣ್ಣು ಕೀಳದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ಈ ನೀಲಿ ಮಿಶ್ರಣವನ್ನು ಚಿಮುಕಿಸುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ಬೂಷ್ಟು ರೋಗ ತಗಲಿಲ್ಲವೆಂಬುದನ್ನು ಮಿಲಾರ್ಡೆ ಎಂಬ ಪ್ರಾಧ್ಯಾಪಕರು ಗಮನಿಸಿ 1885ರಲ್ಲಿ ಪ್ರಕಟಿಸಿದರು. ಕಳ್ಳರ ಭಯದಿಂದ ಹುಟ್ಟಿದ ಮದ್ದು ಇದು! ಆದರೆ ಫ್ರಾನ್ಸಿನ ದ್ರಾಕ್ಷಿಗೆ ಹಿಡಿದ ಮದ್ದು ಆಗುಂಬೆ, ತೀರ್ಥಹಳ್ಳಿಯ ಮಳೆಗೆ ನಿಲ್ಲಬೇಡವೇ? ದಿನಗಟ್ಟಲೆ ಬಿಡದೆ ಸುರಿಯುವ ಮಳೆಯಲ್ಲಿ, ಆಳೆತ್ತರದ ಹತ್ತು ಪಟ್ಟು ಮೇಲಿರುವ ನುಣುಪಾದ ಅಡಿಕೆ ಕಾಯಿಗೆ ಅದು ಅಂಟಿಕೊಂಡಿರಬೇಕು. ಕೋಲ್ಮನ್ನರ ನಿಜವಾದ ಕೆಲಸ ಇಲ್ಲಿದೆ. ರಾಳ ಮತ್ತು ಸೋಡಾ ಸೇರಿಸಿ ಮದ್ದು ಅಂಟುವಂತೆ ಮಾಡಿದರು. ಮಳೆಗೆ ಮೊದಲೇ ಬಿಡಬೇಕು, ರೋಗ ಕಂಡ ಮೇಲೆ ಬಿಟ್ಟರೆ ತಡವಾಯಿತು ಎಂದು ಹೊತ್ತು ಗೊತ್ತುಮಾಡಿದರು. ಮರ ಹತ್ತುವ ಕೆಲಸದವನ ಕೈಯಲ್ಲಿ ಸಲೀಸಾಗಿ ನಡೆಯುವ ರೀತಿಯನ್ನು ರೂಢಿಸಿದರು.

ಮದ್ದು ಇಷ್ಟಕ್ಕೇ ಊರೂರಿಗೆ ಹಬ್ಬಲಿಲ್ಲ. ನೀಲಿ ಬಣ್ಣದ ವಿಷದ ಉಪ್ಪನ್ನು ಬಾಯಿಗೆ ಹಾಕಿಕೊಳ್ಳುವ ಅಡಿಕೆಯ ಮೇಲೆ ಸುರಿಯುವುದೆಂದರೆ ಯಾವ ಬೆಳೆಗಾರನಿಗಾದರೂ ಅಳುಕು ಸಹಜ. ಸರಕಾರದವರು ಹೇಳಿದರೆಂದು ತೋಟವನ್ನು ಪಣಕ್ಕೊಡ್ಡುವ ಜಾಯಮಾನ ಅಡಿಕೆಯವರದ್ದಲ್ಲ, ಇಂದಿಗೂ ಅಲ್ಲ. ಆದ್ದರಿಂದ ಇಲಾಖೆಯವರು ಬೆಳೆಗಾರರ ತೋಟಗಳಿಗೇ ಹೋಗಿ ಮದ್ದು ಬಿಟ್ಟು ತೋರಿಸಬೇಕಾಯಿತು. ಮದ್ದು ಬಿಟ್ಟ ಮರ ಒಂದು ಕಡೆ, ಬಿಡದ ಮರ ಇನ್ನೊಂದು ಕಡೆ. ಶ್ರಾವಣದ ಹೊತ್ತಿಗೆ ಒಂದರ ಬುಡದಲ್ಲಿ ಕಾಯಿ ಹಾಸಿ ಬಿದ್ದಿದ್ದರೆ, ಇನ್ನೊಂದರಲ್ಲಿ ಗೊನೆ ತುಂಬಿ ನಿಂತಿರುತ್ತಿತ್ತು. ಬೇಲಿಯಾಚೆಯ ನೆರೆಯವರಿಗೆ ಬೇರೆ ಉಪದೇಶ ಬೇಕಾಗಲಿಲ್ಲ. ಅಡಿಕೆಯವರ ನೆಂಟಸ್ತಿಕೆ, ವ್ಯಾಪಾರ, ಮದುವೆ ಮುಂಜಿಗಳ ಓಡಾಟ ಘಟ್ಟದ ಮೇಲೂ ಕೆಳಗೂ ಮೊದಲಿನಿಂದ ಇದ್ದುದೇ. ಕಾಲಕ್ರಮದಲ್ಲಿ ಮದ್ರಾಸು ಸರಕಾರದ ಆಡಳಿತದಲ್ಲಿದ್ದ ನಮ್ಮ ದಕ್ಷಿಣ ಕನ್ನಡದಲ್ಲಿಯೂ ಅದೇ ಮದ್ದು ರೂಢಿಗೆ ಬಂತು.

ಒಂದು ಸಣ್ಣ ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಕಾಫಿ ಗಿಡಕ್ಕೂ ಕೊಳೆರೋಗವೆಂದು ಒಂದು ರೋಗವಿದೆ. ಅದು ಅಡಿಕೆಯದಕ್ಕಿಂತ ಬೇರೆ ಶಿಲೀಂಧ್ರದಿಂದ ಬರುವಂಥದು. ಅದಕ್ಕೆ ಹೆಸರಿಡುವಾಗ ಕುಕ್ ಎಂಬ ಇಂಗ್ಲಿಷ್ ವಿದ್ವಾಂಸರು 1876ರಲ್ಲಿ ಪೆಲ್ಲಿಕ್ಯುಲೇರಿಯಾ ಕೊಳೆರೋಗ ಎಂದೇ ಇಟ್ಟರು. ಹೀಗೆ ಕನ್ನಡದ ರೈತನ ಬಾಯಿಮಾತು ಲ್ಯಾಟಿನ್ ಹೆಸರುಗಳ ಪಟ್ಟಿಗೆ ಸೇರಿಹೋಯಿತು. ಮಲಯಾಳ ಮಾತಾಡುವ ಜಿಲ್ಲೆಯಲ್ಲಿ ಕನ್ನಡ ಉಳಿಸಿಕೊಂಡು ಬಂದ ನಮಗೆ ಇದನ್ನು ತಿಳಿದರೆ ಸ್ವಲ್ಪ ಖುಷಿಯಾಗುವುದು ತಪ್ಪಲ್ಲ.

1913ರಲ್ಲಿ ಮೈಸೂರಿನ ಕೃಷಿ ಇಲಾಖೆ ಪ್ರತ್ಯೇಕವಾಗಿ ರೂಪುಗೊಂಡಾಗ ಕೋಲ್ಮನ್ನರು ಅದರ ನಿರ್ದೇಶಕರಾದರು. ನಾಲ್ವಡಿ ಕೃಷ್ಣರಾಜ ಒಡೆಯರು ಮಹಾರಾಜರು, ವಿಶ್ವೇಶ್ವರಯ್ಯನವರು ದಿವಾನರು. 1911ರಲ್ಲಿ ಸುರುವಾಗಿದ್ದ ಮೈಸೂರು ಆರ್ಥಿಕ ಸಮ್ಮೇಳನದಲ್ಲಿ ಕೃಷಿಗೆ ದೊಡ್ಡ ಸ್ಥಾನವಿತ್ತು. ಹೆಬ್ಬಾಳದಲ್ಲಿ 1899ರಲ್ಲಿ ರೀಜೆಂಟರಾಗಿದ್ದ ಮಹಾರಾಣಿಯವರು ಕೊಟ್ಟ 30 ಎಕರೆ ಭೂಮಿಯ ಪ್ರಯೋಗ ಕ್ಷೇತ್ರವಿತ್ತು. ಅಲ್ಲಿ 1913ರಲ್ಲಿಯೇ ಕೃಷಿ ಶಾಲೆ ಆರಂಭವಾಯಿತು. ಆ ಶಾಲೆ 1946ರಲ್ಲಿ ಕಾಲೇಜಾಗಿ, 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯವಾಗಿ ಬೆಳೆದ ಕಥೆ ಎಲ್ಲರಿಗೂ ಗೊತ್ತಿರುವುದೇ. ಕಾಫಿಯ ಎಲೆರೋಗದ ಅಭ್ಯಾಸಕ್ಕೆಂದು 1915ರಲ್ಲಿ ಕೊಪ್ಪದಲ್ಲಿ ಸುರುವಾದ ಕೆಲಸ 1925ರಲ್ಲಿ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರವಾಯಿತು. ಇವೆಲ್ಲ ದೊಡ್ಡ ಕೆಲಸಗಳೇ. ಆದರೆ ನಮ್ಮ ದೃಷ್ಟಿಗೆ ಇವೆಲ್ಲಕ್ಕಿಂತ ಹೆಚ್ಚು ಕುತೂಹಲದ್ದು, ಜನ ಈಗ ಬಹುಮಟ್ಟಿಗೆ ಮರೆತಿರುವ ಇನ್ನೊಂದು ಕೆಲಸ.

ಅದು ಮೈಸೂರು ಅಗ್ರಿಕಲ್ಚರಲ್ ಅಂಡ್ ಎಕ್ಸ್‌ಪೆರಿಮೆಂಟಲ್ ಯೂನಿಯನ್. ಕನ್ನಡದಲ್ಲಿ ಕೃಷಿ ಮತ್ತು ಪ್ರಯೋಗ ಸಂಘ ಎನ್ನೋಣ. 1910ರ ದಶಕದ ಕೊನೆಯಲ್ಲಿ ಹುಟ್ಟಿದ ಸಂಘವಿದು. ಅದರ ನಿಯತಕಾಲಿಕೆ 1919ರಿಂದ ಹೊರಬರತೊಡಗಿತು. ಹೆಸರಿನಲ್ಲಿ ಪ್ರಯೋಗ ಎಂಬ ಶಬ್ದ ಏಕೆ ಬಂತು ಎಂದು ಯಾರಾದರೂ ಕೇಳಬಹುದು. ಅದಕ್ಕೆ ಉತ್ತರ ಕೋಲ್ಮನ್ನರ ಹುಟ್ಟೂರಿನ ಕಡೆ ಇದೆ.

ಒಂಟಾರಿಯೋದ ಗ್ವೆಲ್ಫ್ ಎಂಬ ಊರಿನಲ್ಲಿ ಒಂದು ಕೃಷಿ ಕಾಲೇಜು ಇತ್ತು. ಅಲ್ಲಿ ಓದಿದವರೂ ಕಲಿಸುವವರೂ ಸೇರಿ 1879ರಲ್ಲಿ ಇದೇ ಹೆಸರಿನ ಒಂದು ಸಂಘವನ್ನು ಕಟ್ಟಿಕೊಂಡರು. ಕಾಲೇಜಿನ ಹೊಲದಲ್ಲಿ ಚೆನ್ನಾಗಿ ಬಂದ ಬೀಜ ತನ್ನ ಹೊಲದಲ್ಲಿಯೂ ಹಾಗೆಯೇ ಬರುತ್ತದೆಯೇ ಎಂಬುದು ಪ್ರತಿ ರೈತನ ಪ್ರಶ್ನೆ ತಾನೇ? ಆದ್ದರಿಂದ ಸಣ್ಣ ಸಣ್ಣ ಪೊಟ್ಟಣಗಳಲ್ಲಿ ಬೀಜವನ್ನು ರೈತರಿಗೆ ಕಳಿಸುವುದು, ರೈತನು ತನ್ನದೇ ಹೊಲದಲ್ಲಿ ಎರಡು ಮೂರು ತಳಿಗಳನ್ನು ಅಕ್ಕಪಕ್ಕ ಬಿತ್ತಿ, ತೂಕ ಮಾಡಿ, ಫಲಿತಾಂಶವನ್ನು ಬರೆದು ಕಳಿಸುವುದು, ಎಲ್ಲರ ಫಲಿತಾಂಶವನ್ನು ಒಟ್ಟು ಸೇರಿಸಿ ಎಲ್ಲರಿಗೂ ಹಂಚುವುದು ಎಂಬ ಏರ್ಪಾಡು ಆಯಿತು. ಜಾವಿಟ್ಜ್ ಎಂಬವರು ಹಲವು ದಶಕ ಇದನ್ನು ನಡೆಸಿದರು. ಒ.ಎ.ಸಿ. 21 ಎಂಬ ಬಾರ್ಲಿ ತಳಿ ಇಡೀ ಪ್ರಾಂತ್ಯವನ್ನು ಹಬ್ಬಿದ್ದು ಈ ದಾರಿಯಿಂದ. ಸಾವಿರಾರು ರೈತರು ಹೀಗೆ ತಾವೇ ಪರೀಕ್ಷಕರಾದರು.

ಅದೇ ಪ್ರಾಂತ್ಯದಲ್ಲಿ ಬೆಳೆದ ಕೋಲ್ಮನ್ನರು ಈ ಹೆಸರನ್ನೂ ಹುರುಳನ್ನೂ ಮೈಸೂರಿಗೆ ತಂದರು. ಬೇಸಾಯಗಾರರೂ ಇಲಾಖೆಯವರೂ ಒಂದೇ ಸಂಘದ ಸದಸ್ಯರು. ಹೊಸ ಬೀಜ, ಗೊಬ್ಬರ, ನೇಗಿಲು ಇವು ಸರಕಾರಿ ಕ್ಷೇತ್ರದಲ್ಲಿ ಗೆದ್ದರೆ ಸಾಲದು, ಸದಸ್ಯನ ಹೊಲದಲ್ಲಿ ಗೆಲ್ಲಬೇಕು, ಆಮೇಲೆ ಅವನ ನೆರೆಯವನ ಹೊಲಕ್ಕೆ ಹೋಗಬೇಕು ಎಂಬುದು ಈ ಸಂಘದ ಹಿಂದಿನ ಆಲೋಚನೆ. ಅಡಿಕೆ ತೋಟದಲ್ಲಿ ಮದ್ದು ಬಿಟ್ಟ ಮರ, ಬಿಡದ ಮರ ಎಂದು ನಡೆದ ಪಾಠಕ್ಕೆ ಇದು ಇನ್ನಷ್ಟು ಅಗಲವಾದ ರೂಪ. ಮದ್ದಿಗಿಂತ ಈ ರೀತಿಯೇ ಕೋಲ್ಮನ್ನರ ದೊಡ್ಡ ಕೊಡುಗೆ ಎಂದು ನಾವು ತಿಳಿದಿದ್ದೇವೆ. ಏಕೆಂದರೆ ಮದ್ದು ಹಳತಾಗಬಹುದು, ಹೊಸ ಮದ್ದು ಬರಬಹುದು. ಹೊಸತನ್ನು ನಂಬುವುದೋ ಬಿಡುವುದೋ ಎಂದು ರೈತನೇ ಕಂಡುಕೊಳ್ಳುವ ದಾರಿಯೊಂದು ಬೇಕಲ್ಲ.

ಹಾಗೆಂದು ಎಲ್ಲವೂ ಸುಸೂತ್ರವಾಗಿತ್ತು ಎನ್ನಲಾರೆವು. ಸಂಘದ ನಿಯತಕಾಲಿಕೆ ಇಂಗ್ಲಿಷಿನಲ್ಲಿತ್ತು. ಅದರ ಪುಟಗಳಲ್ಲಿ ಅಧಿಕಾರಿಗಳ ಲೇಖನಗಳು ಬರುತ್ತಿದ್ದವು. ಇಂಗ್ಲಿಷ್ ಓದುವ ಜಮೀನುದಾರರಿಗೂ ಅಕ್ಷರ ಬಾರದ ಒಕ್ಕಲಿಗೂ ಒಂದೇ ಸಂಘ ಒಂದೇ ರೀತಿ ಉಪಯೋಗವಾಗುವುದು ಕಷ್ಟ. ಗ್ವೆಲ್ಫಿನಲ್ಲಿ ಕಾಲೇಜು ಓದಿದ ಮಕ್ಕಳೇ ರೈತರು. ಮೈಸೂರಿನಲ್ಲಿ ಓದಿದವನು ಆಫೀಸಿಗೆ, ಉಳಿದವನು ಹೊಲಕ್ಕೆ. ಈ ವ್ಯತ್ಯಾಸವನ್ನು ದಾಟುವುದು ಸುಲಭವಿರಲಿಲ್ಲ.

ಹೊಸೂರು ಕೃಷ್ಣಗಿರಿಗಳ ಮಾತಿಗೆ ಬರೋಣ. ಹೊಸೂರು, ಡೆಂಕಣಿಕೋಟೆ, ತಳಿ ಈ ಕಡೆಯ ಹಳ್ಳಿಗಳಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಮನೆಮಾತು. ಅಲ್ಲಿಯ ಮಳೆಯಾಶ್ರಿತ ಹೊಲದ ಮುಖ್ಯ ಬೆಳೆ ರಾಗಿ. ರಾಗಿಯ ಜೊತೆ ಅವರೆ, ಹುಚ್ಚೆಳ್ಳು, ಜೋಳಗಳನ್ನು ಅಕ್ಕಡಿ ಸಾಲಾಗಿ ಹಾಕುವ ಪದ್ಧತಿ ಬೆಂಗಳೂರು, ಕೋಲಾರ ಸೀಮೆಯಂತೆಯೇ. ಮಣ್ಣು ಒಂದೇ, ಮಳೆ ಒಂದೇ, ಊಟ ಒಂದೇ. ಗಡಿಯ ಗೆರೆ ಮಾತ್ರ ನಡುವೆ. ಈ ರಾಗಿಯನ್ನು ಶಾಸ್ತ್ರೀಯವಾಗಿ ಸುಧಾರಿಸುವ ಕೆಲಸ ಹೆಬ್ಬಾಳದಲ್ಲಿ ನಡೆದು, 1918ರಲ್ಲಿ ಎಚ್. 22 ಎಂಬ ತಳಿ ಹೊರಬಂತು. ಆರಿಸಿ ಬೆಳೆಸಿದ ರಾಗಿ ತಳಿಗಳಲ್ಲಿ ಇದೇ ಮೊದಲನೆಯದೆಂದು ಹೇಳುತ್ತಾರೆ. ಮೈಸೂರಿನ ರಾಗಿ ಬೇಸಾಯವನ್ನು ಕುರಿತು ಕೋಲ್ಮನ್ನರು 1920ರಲ್ಲಿ ಒಂದು ಪುಸ್ತಿಕೆಯನ್ನೇ ಪ್ರಕಟಿಸಿದರು. ಅಕ್ಕಿ ಗೋಧಿಗಳಿಗೆ ಮಾತ್ರ ಮರ್ಯಾದೆ ಇದ್ದ ಕಾಲದಲ್ಲಿ ರಾಗಿಯನ್ನು ಕುರಿತು ಒಬ್ಬ ಪರದೇಶದ ವಿದ್ವಾಂಸರು ಪುಸ್ತಿಕೆ ಬರೆದದ್ದು ಸಣ್ಣ ಸಂಗತಿಯಲ್ಲ.

ಇಲ್ಲಿ ನಮ್ಮ ಓದುಗರು ಗಮನಿಸಬೇಕಾದ ಒಂದು ಸಾಮ್ಯವಿದೆ. ಕೋಲ್ಮನ್ನರ ಕಾಲದಲ್ಲಿ ಹೊಸೂರು ಮದ್ರಾಸು ಪ್ರಾಂತದ ಸೇಲಂ ಜಿಲ್ಲೆಯಲ್ಲಿತ್ತು. ನಮ್ಮ ಕಾಸರಗೋಡು ಅದೇ ಪ್ರಾಂತದ ದಕ್ಷಿಣ ಕನ್ನಡದಲ್ಲಿತ್ತು. ಎರಡೂ ಮೈಸೂರಿನ ಹೊರಗೆ. ಅವರ ಇಲಾಖೆಗೆ ನಮ್ಮ ಮೇಲೂ ಅಧಿಕಾರವಿರಲಿಲ್ಲ, ಹೊಸೂರಿನ ಮೇಲೂ ಇರಲಿಲ್ಲ. ಆದರೂ ನಮ್ಮ ತೋಟದ ಮದ್ದಿನ ಮೂಲ ಅಲ್ಲಿದೆ.

ಕೋಲ್ಮನ್ನರ ಜೊತೆ ಕೆಲಸ ಮಾಡಿದವರಲ್ಲಿ ನಮ್ಮ ನೆರೆಯ ಜಿಲ್ಲೆಯವರೊಬ್ಬರಿದ್ದರು. ಕಣ್ಣೂರಿನಲ್ಲಿ 1884ರಲ್ಲಿ ಹುಟ್ಟಿದ ಕುಂಞಿ ಕಣ್ಣನ್. ಮೈಸೂರಿನ ಕೀಟಶಾಸ್ತ್ರಜ್ಞರ ಹುದ್ದೆಗೇರಿದ ಮೊದಲ ಭಾರತೀಯರು ಇವರು. ದುಬಾರಿ ಔಷಧಿಗಿಂತ ಬಡವನ ಕೈಗೆ ಎಟಕುವ ಉಪಾಯಗಳ ಕಡೆಗೇ ಇವರ ಮನಸ್ಸು. ದ್ವಿದಳ ಧಾನ್ಯ ಶೇಖರಿಸುವಾಗ ಮೇಲೆ ತೆಳುವಾಗಿ ಮರಳು ಹಾಸಿದರೆ ಕುಟ್ಟೆ ಹುಳು ಒಳಗಿಳಿಯಲಾರದು ಎಂದು ತೋರಿಸಿದವರು ಇವರು. ನಮ್ಮ ಅಜ್ಜಿಯರು ಕೇಳಿದ್ದರೆ ಇದಕ್ಕೇನು ಶಾಸ್ತ್ರ ಬೇಕೆಂದು ನಗುತ್ತಿದ್ದರೇನೋ! ಆದರೆ ಮನೆಯ ರೂಢಿಯನ್ನು ಪರೀಕ್ಷೆಗೆ ಹಚ್ಚಿ, ಏಕೆ ಫಲಿಸುತ್ತದೆಂದು ತೋರಿಸಿದಾಗಲೇ ಅದು ಊರಿನ ಗಡಿ ದಾಟಿ ಇನ್ನೊಬ್ಬರ ಮನೆಗೆ ಹೋಗುವುದು. ಕುಂಞಿ ಕಣ್ಣನ್ನರು 1931ರಲ್ಲಿ ಇನ್ನೂ ಐವತ್ತು ತುಂಬುವ ಮೊದಲೇ ತೀರಿಕೊಂಡರು. ಮಲಬಾರಿನ ಮಲಯಾಳಿ, ಒಂಟಾರಿಯೋದ ಕೆನಡಿಗ, ಕನ್ನಡದ ರೈತ ಈ ಮೂವರ ನಡುವೆ ನಡೆದ ಕೊಡುಕೊಳೆಯನ್ನು ಭಾಷೆಯ ಜಗಳದ ಬಿಸಿಯಲ್ಲಿರುವವರು ಕೊಂಚ ನೆನಪಿಡುವುದು ಒಳ್ಳೆಯದು.

ಕೋಲ್ಮನ್ನರ ಹೆಸರನ್ನು ಹೊತ್ತ ಒಂದು ಮಿಡತೆಯೂ ಇದೆ. ದಖ್ಖನಿನ ಜೋಳದ ಹೊಲಗಳಿಗೆ ಕಾಟ ಕೊಡುವ ರೆಕ್ಕೆಯಿಲ್ಲದ ಮಿಡತೆಗೆ 1910ರಲ್ಲಿ ಕೋಲ್ಮೇನಿಯಾ ಎಂದು ಹೆಸರಿಡಲಾಯಿತು. ಮಂಡ್ಯದ ಕಡೆಯವರಿಗೆ ಅವರ ನೆನಪು ಬೇರೆ ಕಾರಣಕ್ಕೆ. ಕೃಷ್ಣರಾಜಸಾಗರದ ನಾಲೆಯ ನೀರು ಹರಿದ ಮೇಲೆ ಅಲ್ಲಿ ಕಬ್ಬಿನ ಬೇಸಾಯವನ್ನು ನೆಲೆಗೊಳಿಸುವುದರಲ್ಲಿ, 1933ರಲ್ಲಿ ಮೈಸೂರು ಸಕ್ಕರೆ ಕಂಪೆನಿಯನ್ನು ಸ್ಥಾಪಿಸುವುದರಲ್ಲಿ ಅವರ ಶ್ರಮ ದೊಡ್ಡದು. ಆ ನಾಲೆಯ ಬಯಲಿನಲ್ಲಿ ಇಲಾಖೆ ತೆರೆದ ಕೃಷಿ ಕ್ಷೇತ್ರದಲ್ಲಿಯೇ ಮುಂದೆ ಲಕ್ಷ್ಮಣಯ್ಯನವರು ಇಂಡಾಫ್ ರಾಗಿ ತಳಿಗಳನ್ನು ಬೆಳೆಸಿದರು.

1934ರಲ್ಲಿ ಕೋಲ್ಮನ್ನರು ಮೈಸೂರಿನ ಸೇವೆಯಿಂದ ನಿವೃತ್ತರಾಗಿ ಸ್ವದೇಶಕ್ಕೆ ಮರಳಿದರು. ಅಲ್ಲಿ ಮತ್ತೆ ಪ್ರಯೋಗಶಾಲೆಯ ವಿದ್ಯಾರ್ಥಿಯಂತೆ ಕುಳಿತು ಸಸ್ಯಗಳ ಜೀವಕೋಶಗಳ ಅಭ್ಯಾಸದಲ್ಲಿ ತೊಡಗಿದರು. 1954ರ ಸೆಪ್ಟೆಂಬರ್ 14ರಂದು ತೀರಿಕೊಂಡಾಗ ಅವರಿಗೆ 76 ವರ್ಷ.

ಅವರು ಹೋಗಿ ಎರಡು ವರ್ಷಗಳಲ್ಲಿ, 1956ರ ನವೆಂಬರ್ 1ರಂದು ನಕಾಶೆ ಹೊಸತಾಯಿತು. ಕಾಸರಗೋಡು ಕೇರಳಕ್ಕೆ ಹೋಯಿತು. ಹೊಸೂರು ಮದ್ರಾಸು ರಾಜ್ಯದಲ್ಲಿಯೇ ಉಳಿಯಿತು. ಅಂದಿನಿಂದ ಈ ಎರಡೂ ಕಡೆಯ ಕನ್ನಡ ಬೇಸಾಯಗಾರನ ತೊಂದರೆ ಒಂದೇ ಬಗೆಯದು. ಅವನ ಬೆಳೆಗೆ ಸಂಬಂಧಿಸಿದ ಸಂಶೋಧನೆ ಬಹುಮಟ್ಟಿಗೆ ಅವನ ಭಾಷೆಯಲ್ಲಿ ಗಡಿಯಾಚೆ ಸಿಗುತ್ತದೆ. ಅವನ ಸರಕಾರದ ಸುತ್ತೋಲೆ, ಸಹಾಯಧನದ ಅರ್ಜಿ, ಮದ್ದಿನ ಪ್ರಮಾಣದ ಚೀಟಿ ಇನ್ನೊಂದು ಭಾಷೆಯಲ್ಲಿ ಬರುತ್ತದೆ. ಹಳೆಯ ತಲೆಮಾರಿನ ಮನೆಯೊಡತಿ ಆ ಚೀಟಿಯನ್ನು ಶಾಲೆಗೆ ಹೋಗುವ ಮೊಮ್ಮಗನ ಕೈಯಲ್ಲಿ ಓದಿಸಿಕೊಳ್ಳಬೇಕು. ಒಂದು ಕಿಲೋ ಎಂಬುದನ್ನು ಅರ್ಧ ಕಿಲೋ ಎಂದು ಓದಿದರೆ ಮಳೆಗಾಲದ ನಡುವೆ ತಿದ್ದಿಕೊಳ್ಳಲು ಅವಕಾಶವಿಲ್ಲ.

ಆದುದರಿಂದಲೇ ನಮ್ಮಂಥ ಗಡಿನಾಡಿನಲ್ಲಿ ರೈತನಿಂದ ರೈತನಿಗೆ ಹೋಗುವ ದಾರಿಗೆ ಬೆಲೆ ಹೆಚ್ಚು. ನಮ್ಮ ಕಡೆ ಈ ದಾರಿ ಬರಿದಾಗಿಲ್ಲ. 1970ರ ಸುಮಾರಿಗೆ ಅಡಿಕೆಯ ಬೆಲೆ ನೆಲಕಚ್ಚಿದಾಗ ಕರ್ನಾಟಕ ಕೇರಳ ಎರಡೂ ಕಡೆಯ ಬೆಳೆಗಾರರು ಒಟ್ಟಾದುದರ ಫಲ 1973ರಲ್ಲಿ ಹುಟ್ಟಿದ ಕ್ಯಾಂಪ್ಕೊ. 1988ರಲ್ಲಿ ಪುತ್ತೂರಿನಿಂದ ಹೊರಟ ಅಡಿಕೆ ಪತ್ರಿಕೆ ಬೆಳೆಗಾರರ ಕೈಗೇ ಲೇಖನಿ ಕೊಟ್ಟಿತು. ತೋಟದಲ್ಲಿ ಮಾಡಿದವನೇ ಬರೆಯಬೇಕು, ಇನ್ನೊಬ್ಬ ತೋಟದವನು ಓದಬೇಕು ಎಂಬ ಅದರ ರೀತಿ ನಮ್ಮ ನಾಡಿನ ಕೃಷಿ ಬರಹದ ದಿಕ್ಕನ್ನೇ ಬದಲಿಸಿತು. ಪ್ರಯೋಗ ಸಂಘದ ನಿಯತಕಾಲಿಕೆಯಲ್ಲಿ ಕೊರತೆಯಾಗಿದ್ದುದು ಇಲ್ಲಿ ತುಂಬಿಬಂತು.

ಹೊಸೂರು ಧರ್ಮಪುರಿ ಕಡೆಯ ಕೆಲಸವೂ ಇದೇ ಜಾತಿಯದು. 1989ರಲ್ಲಿ ಇಂಡೋನೇಷಿಯಾದ ಭತ್ತದ ಗದ್ದೆಗಳಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ ರೈತರ ಹೊಲಶಾಲೆ ಎಂಬ ಪದ್ಧತಿ ಸುರುವಾಯಿತು. ಇಪ್ಪತ್ತೈದು ಮೂವತ್ತು ಮಂದಿ ರೈತರು ವಾರಕ್ಕೊಮ್ಮೆ ಒಂದು ಹೊಲದ ಬದುವಿನಲ್ಲಿ ಸೇರುತ್ತಾರೆ. ಹೊಲವನ್ನು ಎರಡು ಪಾಲು ಮಾಡಿ, ಒಂದರಲ್ಲಿ ರೂಢಿಯ ಬೇಸಾಯ, ಇನ್ನೊಂದರಲ್ಲಿ ಹೊಸ ರೀತಿ. ಹುಳು ಎಷ್ಟು, ಹುಳು ತಿನ್ನುವ ಜೇಡ ಎಷ್ಟು, ತೆನೆ ಎಷ್ಟು ಎಂದು ಅವರೇ ಎಣಿಸುತ್ತಾರೆ, ಅವರೇ ತೀರ್ಮಾನಿಸುತ್ತಾರೆ. ಬೆಂಗಳೂರಿನ ಎ.ಎಂ.ಇ. ಪ್ರತಿಷ್ಠಾನದಂಥವರು ಧರ್ಮಪುರಿ ಕಡೆಯ ಒಣಬೇಸಾಯದವರೊಡನೆ ಇಂಥ ಶಾಲೆಗಳನ್ನು ನಡೆಸಿದ್ದಾರೆ. ಮದ್ದು ಬಿಟ್ಟ ಮರ ಮತ್ತು ಬಿಡದ ಮರದ ಲೆಕ್ಕವೇ ಇಲ್ಲಿ ರಾಗಿ, ನೆಲಗಡಲೆಗಳ ಹೊಲದಲ್ಲಿ ಮತ್ತೆ ನಡೆಯುತ್ತದೆ.

ಈಗ ನಮ್ಮ ತೋಟಗಳ ವಿಷಯ. ಕೆಲವು ವರ್ಷಗಳಿಂದ ಎಲೆಚುಕ್ಕಿ ರೋಗ ಮಲೆನಾಡಿನಿಂದ ಕರಾವಳಿಯ ತನಕ ಅಡಿಕೆಯವರ ನಿದ್ದೆ ಕೆಡಿಸಿದೆ. ಹಳದಿ ಎಲೆ ರೋಗದ ಚಿಂತೆ ಹಳೆಯದೇ. ಮೊಬೈಲಿನ ವಾಟ್ಸಾಪ್ ಗುಂಪುಗಳಲ್ಲಿ ದಿನಕ್ಕೊಂದು ಹೊಸ ಮದ್ದಿನ ಹೆಸರು ಓಡಾಡುತ್ತದೆ. ಯಾರು ಎಷ್ಟು ಮರಕ್ಕೆ ಬಿಟ್ಟರು, ಪಕ್ಕದಲ್ಲಿ ಬಿಡದೆ ಉಳಿಸಿದ ಮರಗಳು ಏನಾದವು, ಮುಂದಿನ ವರ್ಷ ಹೇಗಿತ್ತು ಎಂಬ ವಿವರ ಬರುವುದು ತೀರಾ ಅಪರೂಪ. ಸುದ್ದಿ ಬೇಗ ಹೋಗುತ್ತದೆ, ಪರೀಕ್ಷೆ ಹಿಂದೆ ಉಳಿಯುತ್ತದೆ. ಗುಂಪಿನಲ್ಲಿ ಸಾವಿರ ಮಂದಿ ಇದ್ದರೂ ಅದು ಕೋಲ್ಮನ್ನರ ಪ್ರಯೋಗ ಸಂಘವಾಗಲಾರದು, ಅದರೊಳಗೆ ಹತ್ತು ಮಂದಿಯಾದರೂ ಹತ್ತು ಹತ್ತು ಮರಗಳನ್ನು ಗುರುತು ಹಾಕಿ ಬಿಡದಿದ್ದರೆ. ಅಂಗಡಿಯವನು ಕೊಟ್ಟ ಡಬ್ಬಿಯ ಖರ್ಚಿಗಿಂತ ಆ ಹತ್ತು ಮರಗಳ ನಷ್ಟ ಕಡಿಮೆಯೇ ಆಗುತ್ತದೆ.

ಮೈಲುತುತ್ತಿನ ವಿಷಯದಲ್ಲಿಯೂ ಈ ಪರೀಕ್ಷೆ ಈಗ ಬೇಕಾಗಿದೆ. ತಾಮ್ರವು ಮಣ್ಣಿನಲ್ಲಿ ಕರಗಿ ಮಾಯವಾಗುವ ವಸ್ತುವಲ್ಲ. ವರ್ಷಕ್ಕೆ ಎರಡು ಮೂರು ಸಲದಂತೆ ಮೂರು ನಾಲ್ಕು ತಲೆಮಾರು ಬಿಟ್ಟದ್ದು ಮರದ ಬುಡದಲ್ಲಿಯೇ ಸೇರುತ್ತ ಬರುತ್ತದೆ. ಹೆಚ್ಚಾದರೆ ಎರೆಹುಳುವಿಗೂ, ಕೋಲ್ಮನ್ನರು ಗಟ್ಟಿಂಗೆನ್ನಿನಲ್ಲಿ ಅಭ್ಯಾಸ ಮಾಡಿದಂಥ ಮಣ್ಣಿನ ಸೂಕ್ಷ್ಮಜೀವಿಗಳಿಗೂ ಅದು ಒಳ್ಳೆಯದಲ್ಲ. ಗೊನೆಗೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟುವುದನ್ನು ಸಂಶೋಧಕರು ಈಗ ಮತ್ತೆ ಹೇಳುತ್ತಿದ್ದಾರೆ. ಹಳೆಯ ಹಾಳೆಯ ಕೊಟ್ಟೆಯೇ ವೇಷ ಬದಲಿಸಿ ಬಂದಂತಾಯಿತು. ಬಿದ್ದ ಕಾಯಿಗಳನ್ನು ಹೆಕ್ಕಿ ತೋಟದಿಂದ ಹೊರಗೆ ಹಾಕುವುದು, ಸುಳಿ ಕೊಳೆತು ಸತ್ತ ಮರಗಳನ್ನು ಕಡಿದು ತೆಗೆಯುವುದು, ಬಸಿಗಾಲುವೆ ಶುಚಿಯಾಗಿಡುವುದು ಇವಕ್ಕೆ ಖರ್ಚು ಕಡಿಮೆ, ಫಲ ಹೆಚ್ಚು.

ಮದ್ದು ಬಿಡುವವರಿಗಾಗಿ ಪ್ರಮಾಣವನ್ನು ಕನ್ನಡದಲ್ಲಿ ಒಮ್ಮೆ ಬರೆದುಬಿಡುತ್ತೇವೆ. ಒಂದು ಕಿಲೋ ಮೈಲುತುತ್ತನ್ನು 50 ಲೀಟರ್ ನೀರಿನಲ್ಲಿ, ಒಂದು ಕಿಲೋ ಒಳ್ಳೆಯ ಸುಣ್ಣವನ್ನು ಇನ್ನೊಂದು 50 ಲೀಟರ್ ನೀರಿನಲ್ಲಿ ಬೇರೆ ಬೇರೆ ಕರಗಿಸಬೇಕು. ಪಾತ್ರೆ ಕಬ್ಬಿಣದ್ದಾಗಬಾರದು. ಸುಣ್ಣದ ನೀರನ್ನು ಕಲಕುತ್ತ ಮೈಲುತುತ್ತಿನ ನೀರನ್ನು ಅದಕ್ಕೆ ಹೊಯ್ಯಬೇಕೇ ಹೊರತು ಸುಣ್ಣವನ್ನು ಮೈಲುತುತ್ತಿಗೆ ಹೊಯ್ಯಬಾರದು. ಹೊಳೆಯುವ ಕತ್ತಿಯ ಅಲಗನ್ನು ಸ್ವಲ್ಪ ಹೊತ್ತು ಅದ್ದಿ ನೋಡಿ, ಕೆಂಪು ಬಣ್ಣ ಹಿಡಿದರೆ ಇನ್ನಷ್ಟು ಸುಣ್ಣ ಬೇಕೆಂದು ಅರ್ಥ. ಮಾಡಿದ ದಿನವೇ ಬಿಟ್ಟು ಮುಗಿಸಬೇಕು. ಮೊದಲ ಸಲ ಮಳೆ ಹಿಡಿಯುವ ಮುಂಚೆ, ಎರಡನೆಯ ಸಲ ಅದಾದ 40-45 ದಿನಗಳಲ್ಲಿ ಹೊಳವು ಸಿಕ್ಕಾಗ. ಮಳೆ ಮುಂದುವರಿದರೆ ಮೂರನೆಯದೂ ಬೇಕಾಗಬಹುದು.